ಶ್ರೀ ಲೇಸರ್ ಪ್ರಿಂಟರ್ ಮಹೋದಯರಿಗೆ ಬಿನ್ನವತ್ತಳೆ

ವೇದಿಕೆಯ ಮೇಲಿರುವ ಮಾನ್ಯ ತಹಸೀಲ್ದಾರರೇ, ಶಿರಸ್ತೇದಾರರೇ, ಉಪ್ಪಿಟ್ಟಿನ ನಿರೀಕ್ಷೆಯಲ್ಲಿ ಕುಳಿತಿರುವ ಸಿಬ್ಬಂದಿ ಬಾಂಧವರೇ, ಮೇಜಿನ ಮೇಲೆ ಆಸೀನರಾಗಿರುವ ಇಂದಿನ ಸನ್ಮಾನಿತರೇ,

ಪದ್ಧತಿಯಂತೆ ತಮಗೆ ಶಾಲು ಹೊದಿಸಿ ಮೈಸೂರು ಪೇಟ ತೊಡಿಸಬೇಕಿತ್ತು. ಶಾಲು ಹೊದಿಸಿದರೆ ಬಿಸಿಗಾಳಿಯ ಕಿಂಡಿ ಮುಚ್ಚುತ್ತದೆ. ಪೇಟ ಇಟ್ಟರೆ ಹಾಳೆ ಹೊರಬರುವ ಬಾಯಿ. ಹಾರ ಹಾಕೋಣವೆಂದರೆ, ಆಯುಧಪೂಜೆಯಂದು ತಮ್ಮ ಹೊಟ್ಟೆ ಸೇರಿದ ಸೇವಂತಿಗೆ ಎಸಳುಗಳನ್ನು ಚಿಮುಟದಿಂದ ಹೆಕ್ಕಿದವರು ಇಲ್ಲೇ ಇದ್ದಾರೆ, ಕೋಪಿಸಿಕೊಳ್ಳುತ್ತಾರೆ. ಹಾಗಾಗಿ ಬರಿಯ ಮಾತಿನ ಸನ್ಮಾನವನ್ನೇ ಸ್ವೀಕರಿಸಬೇಕು.

ತಮ್ಮದು ಸಾಮಾನ್ಯ ಮನೆತನವಲ್ಲ. 1960ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಲೇಸರ್ ಮುದ್ರಣಕ್ಕೆ ಕೈಹಾಕಿದಾಗ ಅವರ ಮೇಲಧಿಕಾರಿಯೇ ಬೇಡವೆಂದಿದ್ದರು. ಮೇಲಿನವರ ಆಕ್ಷೇಪಣೆಯ ನಡುವೆಯೇ ಹುಟ್ಟಿದ ವಂಶದ ಕುಡಿ ಸರ್ಕಾರಿ ಕಚೇರಿಗೇ ಬಂದು ಸೇರಿದ್ದು ಋಣಾನುಬಂಧ.

ತಾವು ಹಾಳೆ ನುಂಗುತ್ತೀರೆಂಬುದು ಇಲ್ಲಿನ ಹಳೆಯ ದೂರು. ತಮ್ಮ ಪರವಾಗಿ ಸಮಜಾಯಿಷಿಯನ್ನು ನಾನೇ ಸಲ್ಲಿಸುತ್ತೇನೆ. ಜುಲೈ ತಿಂಗಳ ಜಡಿಮಳೆಯಲ್ಲಿ ಹಾಳೆಯ ಕಟ್ಟನ್ನು ಬಿಚ್ಚಿ ಕಿಟಕಿಯ ಪಕ್ಕ ಬಿಟ್ಟವರು ತಾವಲ್ಲ. ಹಪ್ಪಳದಂತೆ ಮೆತ್ತಗಾದ ಹಾಳೆಗಳು ಜೋಡಿಜೋಡಿಯಾಗಿ ಒಳಹೊಕ್ಕು, ಸುಮಾರು 200 ಡಿಗ್ರಿ ಕಾವಿನ ಫ್ಯೂಸರಿನ ಬಳಿ ಸುರುಟಿ ಸಿಕ್ಕಿಕೊಂಡವು. ಸಿಕ್ಕಿದ್ದನ್ನು ಅದು ಸಾಗುವ ದಿಕ್ಕಿಗೇ, ಎರಡೂ ಕೈಯಲ್ಲಿ ನಿಧಾನವಾಗಿ ಎಳೆಯಬೇಕು. ನಮ್ಮವರು ಹಿಂದಕ್ಕೆ ಜಗ್ಗಿದರು. ಮೂಲೆ ಹರಿದು ಒಳಗೇ ಉಳಿಯಿತು. ಆ ಉಗುರಗಲದ ಚೂರು ಸೆನ್ಸರನ್ನು ಅಡ್ಡಗಟ್ಟಿ ಕೂತಿರುವ ತನಕ ತಾವು ‘ಜಾಮ್’ ಎಂದೇ ಸಾಧಿಸಿದಿರಿ. ನಿಜ ಹೇಳಿದ್ದಕ್ಕೆ ಬೆನ್ನಿಗೆ ಎರಡು ಗುದ್ದು ಬಿದ್ದವು.

ಮಿತವ್ಯಯದ ಸುತ್ತೋಲೆ ಬಂದಾಗ, ಒಂದು ಬದಿ ಮುದ್ರಿಸಿದ ಹಾಳೆಗಳನ್ನು ಸ್ಟೇಪ್ಲರ್ ಪಿನ್ ಸಮೇತ ಟ್ರೇಗೆ ತುಂಬಿದವರೂ ತಾವಲ್ಲ. ಪಿನ್ನು ತಮ್ಮ ಡ್ರಮ್ಮಿಗೆ ಮಾಡಿದ ಸಣ್ಣ ಗಾಯ, ಅಂದಿನಿಂದ ಪ್ರತಿ ಪುಟದಲ್ಲೂ 94 ಮಿಲಿಮೀಟರಿಗೊಂದು ಕಪ್ಪು ಚುಕ್ಕೆಯಾಗಿ ಮೂಡುತ್ತಿದೆ. ಡ್ರಮ್ಮಿನ ಸುತ್ತಳತೆಯೂ ಅಷ್ಟೇ. ಚುಕ್ಕೆಯಿಂದ ಚುಕ್ಕೆಗೆ ಸ್ಕೇಲ್ ಹಿಡಿದಿದ್ದರೆ ತಪ್ಪಿತಸ್ಥ ಉರುಳೆ ಯಾವುದೆಂದು ಆಗಲೇ ತಿಳಿಯುತ್ತಿತ್ತು. ಯಾರೂ ಹಿಡಿಯಲಿಲ್ಲ. ಆಡಿಟ್‌ಗೆ ಬಂದವರು ಮೊತ್ತದ ನಡುವೆ ಬಿದ್ದ ಚುಕ್ಕೆಯನ್ನು ದಶಾಂಶ ಬಿಂದುವೆಂದೇ ಓದಿ, ಅನುಪಾಲನಾ ವರದಿ ಕೇಳಿದರು.

ಟ್ರೇ ತುಂಬ ಎ4 ಇದ್ದರೂ ತಾವು ‘ಹಾಳೆ ಹಾಕಿ’ ಎಂದು ಹಟ ಹಿಡಿದ ದಿನ, ಕಂಪ್ಯೂಟರಿನಲ್ಲಿ ಅಮೆರಿಕದವರ ‘ಲೆಟರ್’ ಅಳತೆ ಒತ್ತಿದವರು ಬೇರೆ. ತಮ್ಮನ್ನು ಯುಪಿಎಸ್‌ಗೆ ಸಿಕ್ಕಿಸಿದವರೂ ಬೇರೆ: ಫ್ಯೂಸರ್ ಕಾಯಲು ಒಮ್ಮೆಗೇ ಎಳೆಯುವ ಕರೆಂಟಿಗೆ ಅದು ಕಿರುಚಿ ಮಲಗಿತು, ಜೊತೆಗೆ ಭೂಮಿ ಶಾಖೆಯ ಕಂಪ್ಯೂಟರುಗಳೂ.

ಇಷ್ಟಾದರೂ ಮಾರ್ಚ್ 31ರ ರಾತ್ರಿ ತಾವು ಕೈಬಿಡಲಿಲ್ಲ. ಅಕ್ಷರ ಮಾಸಲಾದಾಗ ಕಾರ್ಟ್ರಿಡ್ಜ್ ತೆಗೆದು ಅಡ್ಡಡ್ಡ ಅಲುಗಾಡಿಸಿದೆವು. ತಳದಲ್ಲಿ ಉಳಿದ ಟೋನರಿನಲ್ಲೇ ಕಟ್ಟಕಡೆಯ ಬಿಲ್ಲೂ ಹೊರಬಂತು. ಅಂಗಿಗೆ ಚೆಲ್ಲಿದ ಪುಡಿಯನ್ನು ಬಿಸಿನೀರಲ್ಲಿ ತೊಳೆದವರಿಗೆ ಮಾತ್ರ, ಅದು ಕಾವಿಗೆ ಕರಗುವ ಪ್ಲಾಸ್ಟಿಕ್ಕೆಂದು ತಡವಾಗಿ ತಿಳಿಯಿತು.

ಕೊನೆಯದಾಗಿ ಸಿಬ್ಬಂದಿಗೆ ಒಂದು ವಿನಂತಿ. ಸಭೆ ಮುಗಿದ ಕೂಡಲೇ ಸನ್ಮಾನಿತರ ಸ್ವಿಚ್ ಹಾಕಬೇಡಿ. ಪ್ರಿಂಟರ್ ಆರಿಸಿದ ಮಾತ್ರಕ್ಕೆ ಕೊಟ್ಟ ಪ್ರಿಂಟ್ ರದ್ದಾಗುವುದಿಲ್ಲ, ಅದು ಕಂಪ್ಯೂಟರಿನ ಸರದಿಯಲ್ಲಿ ಕಾಯುತ್ತಿರುತ್ತದೆ. ಬರಲಿಲ್ಲವೆಂದು ಮತ್ತೆಮತ್ತೆ ಒತ್ತಿದ್ದೂ ಅಷ್ಟೇ. ಮೊದಲು ಸ್ಪೂಲರ್ ನಿಲ್ಲಿಸಿ, ಸರದಿ ಖಾಲಿ ಮಾಡಿ, ಮತ್ತೆ ಶುರು ಮಾಡಿ. ಇಲ್ಲದಿದ್ದರೆ ಶುಕ್ರವಾರದ ತೀವ್ರ ಅನಾರೋಗ್ಯದ ರಜೆ ಅರ್ಜಿ, ಗುರುವಾರವೇ ಟೈಪಾದದ್ದು, ಒತ್ತಿದಷ್ಟೂ ಪ್ರತಿಗಳಲ್ಲಿ ಮಾನ್ಯ ತಹಸೀಲ್ದಾರರ ಎದುರೇ ಹೊರಬಂದೀತು. ಅರ್ಜಿದಾರರು ಮೊದಲ ಸಾಲಿನಲ್ಲಿದ್ದಾರೆ. ಈಗಾಗಲೇ ಎದ್ದು ಕಂಪ್ಯೂಟರಿನ ಕಡೆ ಹೊರಟಿದ್ದಾರೆ. ದಯವಿಟ್ಟು ದಾರಿ ಬಿಡಿ.