ಮುಚ್ಚಳ ಮಾತ್ರ ಹಾಕಬೇಡಿ, ಯಜಮಾನರೇ

ಇವರಿಗೆ,
ಮನೆ ಯಜಮಾನರು,
ಮೂರನೇ ಮಹಡಿ, ಬೆಂಗಳೂರು.

ಇವರಿಂದ,
ಟಿವಿ ಸ್ಟ್ಯಾಂಡಿನ ಹಿಂದಿನ ಬಿರುಕಿನಲ್ಲಿ ವಾಸವಾಗಿರುವ ಇರುವೆಗಳು.

ವಿಷಯ: ಮೀನಿನ ತೊಟ್ಟಿಗೆ ಮುಚ್ಚಳ ಹಾಕದೇ ಇರುವುದಕ್ಕೆ ಕೃತಜ್ಞತೆ ಹಾಗೂ ಮುಂದೆಯೂ ಹಾಕದಿರುವಂತೆ ಕೋರಿಕೆ.

ಮಾನ್ಯರೇ,

ನಿಮ್ಮ ಮನೆಯೊಂದಿಗೆ ನಮ್ಮ ವ್ಯವಹಾರ ಇದ್ದದ್ದು ಸಕ್ಕರೆ ಡಬ್ಬಿಯ ಮಟ್ಟಿಗೆ. ಅಮ್ಮಾವ್ರು ಅದಕ್ಕೆ ಬಿಗಿ ಮುಚ್ಚಳ ಹಾಕಿ, ಸಾಲದೆಂದು ನೀರು ತುಂಬಿದ ತಟ್ಟೆಯ ನಡುವೆ ಇಟ್ಟ ಮೇಲೆ ಅದೂ ನಿಂತುಹೋಯಿತು. ಅಂಥ ಬರಗಾಲದಲ್ಲಿ ನೀವು ಅಕ್ವೇರಿಯಂ ತಂದಿರಿ. ಐವತ್ತು ರೂಪಾಯಿಯ ಸಕ್ಕರೆಗೆ ಕೋಟೆ ಕಂದಕ, ಸಾವಿರಾರು ರೂಪಾಯಿಯ ಮೀನಿಗೆ ಬಟಾಬಯಲು! ಈ ಹೃದಯವೈಶಾಲ್ಯವನ್ನು ಬಹಿರಂಗವಾಗಿ ಹೊಗಳದಿದ್ದರೆ ಉಂಡ ಮನೆಗೆ ದ್ರೋಹ ಬಗೆದಂತೆ.

‘ಸಾರ್, ಮುಚ್ಚಳ ತಗೊಳ್ಳಿ’ ಎಂದು ಅಂಗಡಿಯವನು ಗೋಗರೆದರೂ ‘ಬೇಡಪ್ಪಾ, ಲುಕ್ ಹಾಳಾಗುತ್ತೆ’ ಎಂದಿರಂತೆ. ನಿಮ್ಮ ಸೌಂದರ್ಯಪ್ರಜ್ಞೆಗೆ ನಮಸ್ಕಾರ. ಮೇಲೆ ತೆರೆದ ಗಾಜಿನ ತೊಟ್ಟಿಯ ಚೆಲುವಿಗೆ ಜಗತ್ತನ್ನು ಮರುಳು ಮಾಡಿದವರು ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (1954–2015). ಅವರ ತೊಟ್ಟಿಯಲ್ಲಿ ಕಾಡಿನಂತೆ ಬೆಳೆದ ಗಿಡಗಳು, ಅವುಗಳ ಮರೆಯಲ್ಲಿ ಪುಟ್ಟ ಟೆಟ್ರಾ ಮೀನುಗಳ ಹಿಂಡು. ನೀವು ಗಾಜನ್ನಷ್ಟೇ ಅವರಿಂದ ಕಲಿತು ಒಳಗೆ ಬೆಳ್ಳಿ ಅರೋವಾನ ಬಿಟ್ಟಿರಿ. ಅಮೆಜಾನ್ ಉಕ್ಕಿ ಕಾಡಿಗೆ ನುಗ್ಗಿದಾಗ, ನೀರಿನ ಮೇಲೆ ಬಾಗಿದ ಕೊಂಬೆಯಿಂದ ಜೀರುಂಡೆಯನ್ನು ಎಗರಿ ಕಚ್ಚಿ ತರುವ ಮೀನು ಅದು; ಅಲ್ಲಿನವರು ನೀರುಕೋತಿ ಎಂದೇ ಕರೆಯುತ್ತಾರೆ. ಬೆಳೆದರೆ ಎರಡು ಅಡಿ ದಾಟುತ್ತದೆ. ನಿಮ್ಮ ತೊಟ್ಟಿಯ ಉದ್ದವೂ ಎರಡೇ ಅಡಿ. ಕೊಂಬೆಯ ಕೊರತೆಯನ್ನು ಹಾಲ್‌ನ ಟ್ಯೂಬ್‌ಲೈಟ್ ನೀಗಿಸಿತು. ಮೊದಲ ಮಳೆಗೆ ಮಳೆಹುಳುಗಳು ಅದನ್ನು ಮುತ್ತಿಕೊಂಡವು, ಕೋತಿ ಎಗರಿತು, ನಾವು ಹಬ್ಬ ಮಾಡಿದೆವು.

ಆದರೆ ನಿಮ್ಮ ಮೇಲೆ ನಮಗೆ ನಿಜವಾದ ಗೌರವ ಮೂಡಿದ್ದು ಮರುದಿನ ಬೆಳಿಗ್ಗೆ. ತೊಟ್ಟಿಯ ಮೇಲೆ ಏನಾದರೂ ಹೊದಿಸಬೇಕು ಎಂಬ ಮಾತು ನಿಮ್ಮ ಬಾಯಲ್ಲಿ ಬರಲೇ ಇಲ್ಲ. ‘ಮನೆಗೆ ಯಾವುದೋ ಕಂಟಕ ಬರೋದಿತ್ತು, ಮೀನು ಹೊತ್ಕೊಂಡು ಹೋಯ್ತು’ ಎಂದಿರಿ. ಹೊತ್ತುಕೊಂಡು ಹೋದದ್ದು ನಾವು, ಯಜಮಾನರೇ. ಸೋಫಾ ಕೆಳಗಿನಿಂದ ಬಿರುಕಿನವರೆಗೆ, ರಾತ್ರಿಯಿಡೀ. ಇರಲಿ, ಕೀರ್ತಿ ಮೀನಿಗೇ ಹೋಗಲಿ. ಆಮೇಲೆ ವಾಸ್ತು ಬಲ್ಲವರು ಬಂದರು, ತೊಟ್ಟಿಯನ್ನು ಈಶಾನ್ಯಕ್ಕೆ ಸರಿಸಿದರು, ಎಂಟು ಚಿನ್ನದ ಬಣ್ಣದ ಮೀನು, ಒಂದು ಕಪ್ಪು ಮೀನು ಬಿಡಲು ಹೇಳಿದರು. ದೃಷ್ಟಿ ತಗಲಬಾರದೆಂದು ನಿಂಬೆಹಣ್ಣು ಕಟ್ಟಿಸಿದರು. ಎಂಟು ದಿಕ್ಕನ್ನೂ ಲೆಕ್ಕ ಹಾಕಿದ ಆ ಮಹನೀಯರು ಮೇಲಿನ ದಿಕ್ಕೊಂದನ್ನು ನಮಗೆಂದೇ ಬಿಟ್ಟರು.

ಮೀನು ಸುಮ್ಮಸುಮ್ಮನೆ ಹಾರುತ್ತದೆ ಎಂದು ನಂಬಿರುವ ನಿಮಗೆ ನಿಮ್ಮದೇ ದುಡಿಮೆಯ ಅರಿವಿಲ್ಲ. ಭಾನುವಾರ ಬೆಳಿಗ್ಗೆ ಕಾವೇರಿ ನೀರನ್ನು ನಲ್ಲಿಯಿಂದ ನೇರ ತೊಟ್ಟಿಗೆ ಸುರಿಯುತ್ತೀರಿ. ಅದರಲ್ಲಿನ ಕ್ಲೋರಿನ್ ಕಿವಿರು ಸುಡುತ್ತದೆ. ಫಿಲ್ಟರಿನ ಸ್ಪಂಜನ್ನೂ ಅದೇ ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆಯುತ್ತೀರಿ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಂಜಿನಲ್ಲಿ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ವಾರಕ್ಕೊಮ್ಮೆ ಒಕ್ಕಲೆಬ್ಬಿಸುತ್ತೀರಿ. ನೀರು ವಿಷವಾದಾಗ ಮೀನಿಗೆ ಗೊತ್ತಿರುವ ಪರಿಹಾರ ಒಂದೇ, ಪಕ್ಕದ ಹೊಂಡಕ್ಕೆ ಹಾರುವುದು. ನಿಮ್ಮ ಮನೆಯಲ್ಲಿ ಪಕ್ಕದ ಹೊಂಡ ಎಂದರೆ ವಿಟ್ರಿಫೈಡ್ ಟೈಲ್ಸ್.

ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದು ನೀವು ಪಟ್ಟನೆ ದೀಪ ಹಾಕುವ ಪರಿಪಾಠವೂ ಹೀಗೇ ಮುಂದುವರಿಯಲಿ. ಮೀನಿಗೆ ಮುಚ್ಚಿಕೊಳ್ಳಲು ರೆಪ್ಪೆಯಿಲ್ಲ. ಬೆಚ್ಚಿದರೆ ಮೇಲಕ್ಕೇ ನೆಗೆಯುತ್ತದೆ. ನೋಟ ಚೆನ್ನಾಗಿರಲೆಂದು ನೀರನ್ನು ಅಂಚಿನವರೆಗೆ ತುಂಬಿಸಿ ನೀವು ಅದರ ಅರ್ಧ ಶ್ರಮ ಉಳಿಸಿರುತ್ತೀರಿ. ಎರಡು ಮೂರು ಇಂಚು ಕಡಿಮೆ ತುಂಬಿದರೆ, ಮೇಲೆ ಒಂದಿಷ್ಟು ಅಂತರಗಂಗೆ ತೇಲಿಬಿಟ್ಟರೆ ನೆಗೆತ ಬಹಳ ಮಟ್ಟಿಗೆ ತಗ್ಗುತ್ತದೆ ಎಂಬ ಸುದ್ದಿ ನಿಮ್ಮ ಕಿವಿಗೆ ಬೀಳದಿರಲಿ.

ಹಾಗೆ ಹಾರಿದ ಮೀನಿನ ಸುತ್ತ ಉಸಿರಾಟಕ್ಕೆ ಬೇಕಾದದ್ದು ಬೇಕಾದಷ್ಟು ಇರುತ್ತದೆ, ಅದೇ ತಮಾಷೆ. ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ನಿಮ್ಮ ತೊಟ್ಟಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಎಂಟು ಮಿಲಿಗ್ರಾಂ. ಆದರೆ ನೀರಿನಾಚೆ ಕಿವಿರಿನ ತೆಳುವಾದ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಕಿವಿರು ಒಣಗುವ ಮುನ್ನ ಯಾರಾದರೂ ಕೈ ಒದ್ದೆ ಮಾಡಿಕೊಂಡು ಎತ್ತಿ ನೀರಿಗೆ ಬಿಟ್ಟರೆ ಎಷ್ಟೋ ಮೀನು ಬದುಕುತ್ತವೆ. ನಿಮ್ಮ ಕಿರಿಮಗಳಿಗೆ ಈ ಕೆಟ್ಟ ಚಾಳಿ ಇದೆ. ಅವಳನ್ನು ಬೇಗ ಮಲಗಿಸಿ.

ಕಳೆದ ವಾರ ಬಂದಿದ್ದ ನಿಮ್ಮ ಭಾವಮೈದುನರಿಂದ ನಮ್ಮ ಕಾಲೊನಿಯೇ ನಡುಗಿಹೋಯಿತು. ‘ಭಾವ, ಕಿಟಕಿಗೆ ಹಾಕೋ ಸೊಳ್ಳೆ ಜಾಲರಿ ಇದ್ಯಲ್ಲ, ಅದನ್ನೇ ಒಂದು ಫ್ರೇಮಿಗೆ ಕೂರಿಸಿ ಮೇಲಿಡಿ, ಗಾಳಿನೂ ಆಡುತ್ತೆ, ಬೆಳಕೂ ಬೀಳುತ್ತೆ’ ಎಂದರು. ನೀವು ಕೊಟ್ಟ ಉತ್ತರ ನಮ್ಮ ಗೂಡಿನ ಗೋಡೆಯ ಮೇಲೆ ಬರೆಸಲು ಯೋಗ್ಯ: ‘ಮುಚ್ಚಿದ್ರೆ ಮೀನಿಗೆ ಉಸಿರು ಕಟ್ಟಲ್ವೇನೋ?’ ಗಾಜೇ ಮುಚ್ಚಿದರೂ ಫಿಲ್ಟರ್ ಪೈಪಿನ ಸಂದಿಯಲ್ಲಿ ಸಾಕಷ್ಟು ಗಾಳಿಯಾಡುತ್ತದೆ. ನೀರಿನ ಮೇಲೆ ಬಂದು ಗಾಳಿ ಗುಟುಕರಿಸುವ ಫೈಟರ್, ಗೌರಾಮಿಗಳಿಗೂ ಮುಚ್ಚಳದಡಿಯ ಬೆಚ್ಚನೆ ಗಾಳಿಯೇ ಹಿತ. ಆದರೆ ಭಾವಮೈದುನರು ಈ ವಾದ ಹೂಡುವಷ್ಟರಲ್ಲಿ ಕಾಫಿ ಬಂತು, ನಾವು ಬದುಕಿಕೊಂಡೆವು. ಒಂದು ವೇಳೆ ಅಮ್ಮಾವ್ರ ಒತ್ತಾಯಕ್ಕೆ ಗಾಜು ಹಾಕಿಸಲೇಬೇಕಾಗಿ ಬಂದರೆ, ಆ ಪೈಪಿನ ಸಂದಿಯನ್ನಾದರೂ ಧಾರಾಳವಾಗಿ ಬಿಡಿಸಿ. ಮೀನುಗಳು ಅದನ್ನೇ ಹುಡುಕಿಕೊಂಡು ಬರುತ್ತವೆ.

ಕೊನೆಗೆ ಖರೀದಿಯ ಬಗ್ಗೆ ಎರಡು ಮಾತು. ಅನಾಬಸ್ ಎಂಬ ಮೀನನ್ನು ದಯವಿಟ್ಟು ತರಬೇಡಿ. 1791ರಲ್ಲಿ ತರಂಗಂಬಾಡಿಯಲ್ಲಿದ್ದ ಡಾಲ್ಡಾರ್ಫ್ ಎಂಬ ಡೇನಿಷ್ ಅಧಿಕಾರಿ ಅದು ತಾಳೆಮರ ಹತ್ತುತ್ತಿದ್ದುದನ್ನು ಕಂಡೆನೆಂದು ಬರೆದಿದ್ದಾನೆ. ಮರದ ಮಾತು ಹೇಗಾದರೂ ಇರಲಿ, ನೆಲದ ಮೇಲೆ ಗಂಟೆಗಟ್ಟಲೆ ಉಸಿರಾಡಿಕೊಂಡು ತೆವಳುವ ಮೀನು ನಮ್ಮಂಥ ಬಡಪಾಯಿಗಳಿಗೆ ಸರಿಹೋಗುವುದಿಲ್ಲ. ಮುಂದಿನ ಭಾನುವಾರ ಶಿವಾಜಿನಗರಕ್ಕೆ ಹೋದಾಗ ಮಿಸ್ ಕೇರಳದ ಒಂದು ಹಿಂಡು ತನ್ನಿ. ನಮ್ಮದೇ ಪಶ್ಚಿಮ ಘಟ್ಟದ ಹೊಳೆಗಳ ಮೀನು, ಅಳಿವಿನಂಚಿನ ಪಟ್ಟಿಯಲ್ಲಿದೆ, ಚೆನ್ನಾಗಿ ಹಾರುತ್ತದೆ. ಬರುವ ದಾರಿಯಲ್ಲಿ ಜಾಲರಿ ಮಾರುವ ಅಂಗಡಿಯ ಮುಂದೆ ಮಾತ್ರ ಗಾಡಿ ನಿಲ್ಲಿಸಬೇಡಿ.

ಇಂತಿ ತಮ್ಮ ವಿಶ್ವಾಸಿಗಳು,
ಇರುವೆಗಳು