ಗಾಲಿಯ ಹವಾ ಮತ್ತು ಪ್ರಮಾಣತ್ರಯ: ದೇವಿಕೊಪ್ಪ ಪಂಥದ ಒಂದು ವಿಮರ್ಶೆ

ಗಾಲಿಯಲ್ಲಿ ಹವಾ ಇದೆಯೋ ಇಲ್ಲವೋ ಎಂಬುದು ಪಾಮರರ ಮಟ್ಟಿಗೆ ಪಂಕ್ಚರ್ ಅಂಗಡಿಯ ಪ್ರಶ್ನೆ. ಬಲ್ಲವರಿಗೆ ಅದು ಪ್ರಮಾಣಶಾಸ್ತ್ರದ ಪ್ರಶ್ನೆ. ಹವಾ ಕಣ್ಣಿಗೆ ಬೀಳದು, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ಟೈರು ಬಾಯಿಬಿಡದು. ಹೀಗಿರುವಾಗ ‘ಹವಾ ಇಳಿದಿದೆ’ ಎಂಬ ಜ್ಞಾನ ಗಾಡಿಯವನಿಗೆ ಹುಟ್ಟುವುದಾದರೂ ಎಲ್ಲಿಂದ? 1888ರಲ್ಲಿ ಹವಾ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಬೆಲ್‌ಫಾಸ್ಟಿನ ದನದ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿಯ ಸೈಕಲ್ ಸುಖವಾಗಿ ಓಡಿದ್ದನ್ನು ನೋಡಿ ತೃಪ್ತರಾದರೇ ಹೊರತು ಈ ತೊಡಕಿಗೆ ಕೈಹಾಕಲಿಲ್ಲ. ಕೈಹಾಕಿದ ಉತ್ತರಕಾಲೀನರಲ್ಲಿ ಕಾರು ತಯಾರಕರು ಎರಡು ಪ್ರಮಾಣಗಳನ್ನು ಒಪ್ಪುತ್ತಾರೆ. ಕಲಘಟಗಿ ತಾಲೂಕಿನ ದೇವಿಕೊಪ್ಪದವರು ಮೂರನ್ನು. ಮೂರನೆಯದೇ ಪ್ರಬಲವೆಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಮೊದಲನೆಯದು ಪ್ರತ್ಯಕ್ಷ. ಈ ಮತದ ಕಾರುಗಳಲ್ಲಿ ಪ್ರತಿ ಗಾಲಿಯೊಳಗೆ, ಸಾಮಾನ್ಯವಾಗಿ ವಾಲ್ವಿನ ಬುಡಕ್ಕೆ, ಒಂದೊಂದು ಸೆನ್ಸರ್ ಕುಳಿತಿರುತ್ತದೆ. ಅದರೊಳಗಿನ ಸಿಲಿಕಾನ್ ಪೊರೆ ಹವಾ ಒತ್ತಿದಷ್ಟು ಬಾಗುತ್ತದೆ. ಬಾಗಿದಷ್ಟು ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯೇ ಒತ್ತಡದ ಅಂಕಿಯಾಗುತ್ತದೆ. ಈ ಅಂಕಿ ರೇಡಿಯೋ ಅಲೆಯಾಗಿ, ನಮ್ಮಲ್ಲೂ ಯುರೋಪಿನಲ್ಲೂ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಡ್ಯಾಶ್‌ಬೋರ್ಡಿಗೆ ಮುಟ್ಟುತ್ತದೆ. ಪಕ್ಕದ ಕಾರಿನ ದುಃಖವನ್ನು ತನ್ನದೆಂದು ತಿಳಿಯಬಾರದಲ್ಲ, ಅದಕ್ಕೆ ಪ್ರತಿ ಸೆನ್ಸರಿಗೂ ತನ್ನದೇ ಗುರುತಿನ ಸಂಖ್ಯೆ. ಗಾಡಿ ನಿಂತರೆ ಸೆನ್ಸರ್ ನಿದ್ದೆಹೋಗುತ್ತದೆ, ಗಾಲಿ ತಿರುಗಿದೊಡನೆ ಏಳುತ್ತದೆ. ಇಂಥ ಜಿಪುಣತನದಿಂದ ಅದರ ಪುಟ್ಟ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಬ್ಯಾಟರಿ ಸತ್ತರೆ ಬಹುಮಟ್ಟಿಗೆ ಸೆನ್ಸರನ್ನೇ ಬದಲಿಸಬೇಕು. ಜೀವಾತ್ಮ ಹೋದ ಮೇಲೆ ದೇಹ ಉಳಿಸಿಕೊಂಡು ಮಾಡುವುದೇನು?

ದೇವಿಕೊಪ್ಪದಲ್ಲಿ ಪ್ರತ್ಯಕ್ಷವಾದಿಗಳೆಂದರೆ ಒದೆಯುವವರು. ಚಾರ್ವಾಕರ ಈ ಶಾಖೆ ಪ್ರತಿ ಬಸ್‌ಸ್ಟ್ಯಾಂಡಿನಲ್ಲೂ ಜೀವಂತವಾಗಿದೆ. ವಿಧಾನ ಸರಳ: ಬೈಕಿನ ಹಿಂದಿನ ಗಾಲಿಗೆ ಚಪ್ಪಲಿಯ ತುದಿಯಿಂದ ಒಂದು ಒದೆ, ಕಾಲು ಪುಟಿದು ಬಂದರೆ ಹವಾ ಐತಿ, ಅಲ್ಲೇ ಕೂತರೆ ಇಲ್ಲ. ಲಾರಿ ಕ್ಲೀನರುಗಳದು ಇದರ ಪರಿಷ್ಕೃತ ರೂಪ. ಜೋಡಿ ಗಾಲಿಯಲ್ಲಿ ಒಳಗಿನದಕ್ಕೆ ಕಾಲು ಎಟುಕದ್ದರಿಂದ ಅವರು ರಾಡಿನಿಂದ ಬಡಿದು ಕಿವಿಗೊಡುತ್ತಾರೆ: ‘ಟಣ್’ ಎಂದರೆ ಹೊರಡಬಹುದು, ‘ದಬ್’ ಎಂದರೆ ಜಾಕ್ ತೆಗೆಯಬೇಕು. ಆದರೆ ಟ್ರ್ಯಾಕ್ಟರಿನ ಮುಂದೆ ಈ ಶಾಖೆ ಸೋಲುತ್ತದೆ. ಹೊಲದಲ್ಲಿ ಹಿಡಿತ ಸಿಗಲೆಂದು ಅದರ ಹಿಂದಿನ ದೊಡ್ಡ ಗಾಲಿಗೆ ಎಷ್ಟೋ ಜನ ನೀರನ್ನೇ ತುಂಬಿಸಿರುತ್ತಾರೆ. ಅಲ್ಲಿ ಒದ್ದವನಿಗೆ ದಕ್ಕುವುದು ಜ್ಞಾನವಲ್ಲ, ಉಳುಕು.

ಪ್ರತ್ಯಕ್ಷಕ್ಕೆ ಇನ್ನೊಂದು ದೋಷವಿದೆ. ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟೈರಿನ ಒತ್ತಡ 1 ಪಿಎಸ್‌ಐ ಇಳಿಯುತ್ತದೆ. ಹಾಗಾಗಿ ಮಾಗಿಯ ನಸುಕಿನಲ್ಲಿ ಕಾರಿನೊಳಗೆ ಹತ್ತಿದ ಎಚ್ಚರಿಕೆಯ ದೀಪ ಬಿಸಿಲೇರಿದ ಮೇಲೆ ತಾನಾಗಿ ಆರುವುದುಂಟು. ನಡುವೆ ಗುಡಿಗೆ ಹೋಗಿ ಬಂದ ಮಾಲೀಕ ಇದರ ಶ್ರೇಯಸ್ಸನ್ನು ಯಾರಿಗೆ ಸಲ್ಲಿಸುತ್ತಾನೆಂದು ಹೇಳಬೇಕಿಲ್ಲ.

ಎರಡನೆಯದು ಅನುಮಾನ. ಗುಡ್ಡದ ಮೇಲಿನ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ನೈಯಾಯಿಕರಿಗೆ ಇದು ಮನೆಮಾತು. ಹವಾ ಇಳಿದ ಗಾಲಿ ತುಸು ಕುಗ್ಗುತ್ತದೆ. ಕುಗ್ಗಿದ ಗಾಲಿ ಅಷ್ಟೇ ದಾರಿಗೆ ಒಂದಿಷ್ಟು ಹೆಚ್ಚು ಸುತ್ತಬೇಕು. ಬ್ರೇಕಿನ ಎಬಿಎಸ್ ವ್ಯವಸ್ಥೆ ಹೇಗೂ ಪ್ರತಿ ಗಾಲಿಯ ವೇಗವನ್ನು ಎಣಿಸುತ್ತಿರುತ್ತದೆ. ಉಳಿದ ಮೂರಕ್ಕಿಂತ ಒಂದು ಗಾಲಿ ಓಡೋಡಿ ಸುತ್ತುತ್ತಿದ್ದರೆ, ಎಲೈ ಶಿಷ್ಯನೇ, ಅಲ್ಲಿ ಹವಾ ಕಡಿಮೆಯೆಂದು ತಿಳಿ. ಬೇರೆ ಸೆನ್ಸರಿನ ಖರ್ಚಿಲ್ಲ. ಆದರೆ ಇದು ಹೋಲಿಕೆಯ ವಿದ್ಯೆ. ನಾಲ್ಕೂ ಗಾಲಿಗಳು ಸಮಸಮವಾಗಿ ಇಳಿದರೆ ಹಳೆಯ ವ್ಯವಸ್ಥೆಗಳಿಗೆ ಯಾವ ಗಾಲಿಯೂ ಇಳಿದಂತೆ ಕಾಣುತ್ತಿರಲಿಲ್ಲ. (ಪ್ರಬಂಧಕಾರ ಈ ಮಾತನ್ನು ಗಾಲಿಗೆ ಮಾತ್ರ ಅನ್ವಯಿಸಿದ್ದಾನೆ; ಪಂಚಾಯ್ತಿ, ಸಹಕಾರಿ ಸಂಘ ಇತ್ಯಾದಿಗಳಿಗೆ ಓದುಗರು ಅನ್ವಯಿಸಿಕೊಂಡರೆ ಅದು ಅವರವರ ಪಾಂಡಿತ್ಯ.) ಇಂಥ ಕಾರಿನಲ್ಲಿ ಹವಾ ತುಂಬಿಸಿದ ಮೇಲೆ ‘ಇದೇ ಸರಿ’ ಎಂದು ಯಂತ್ರಕ್ಕೆ ಕಲಿಸಬೇಕು. ಇಳಿದ ಗಾಲಿಯಲ್ಲೇ ಕಲಿಸಿದರೆ ಅದು ಇಳಿದದ್ದನ್ನೇ ಸರಿಯೆಂದು ನಂಬುತ್ತದೆ.

ಇತಿಹಾಸವನ್ನು ಬೇಗ ಮುಗಿಸೋಣ. 1980ರ ದಶಕದ ಪೋರ್ಷೆ 959ರಲ್ಲಿ ಗಾಲಿಯ ಹವಾ ಕಾಯುವ ಯಂತ್ರವಿದ್ಯೆ ಮೊದಲು ಕಾಣಿಸಿಕೊಂಡಿತು. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಓಡುವಾಗಲೇ ಸುಲಿದು ಜನ ಸತ್ತ ಮೇಲೆ 2000ದಲ್ಲಿ ಕಾನೂನು ಬಂತು. 2007ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಯುರೋಪಿನಲ್ಲಿ 2014ರಿಂದ. ನಮ್ಮ ಸರ್ಕಾರ 2020ರಲ್ಲಿ ಹೊರಡಿಸಿದ ನಿಯಮದ ದಾರಿಯೇ ಬೇರೆ: ಟ್ಯೂಬ್‌ಲೆಸ್ ಟೈರಿನ ಕಾರಿನಲ್ಲಿ ಈ ವ್ಯವಸ್ಥೆಯೂ ರಿಪೇರಿ ಕಿಟ್ಟೂ ಇದ್ದರೆ ಸ್ಟೆಪ್ನಿ ಬೇಕಿಲ್ಲ. ಜ್ಞಾನವಿದ್ದವನಿಗೆ ಗಂಟುಮೂಟೆ ಯಾಕೆ ಎಂಬ ಸನ್ಯಾಸಧರ್ಮವನ್ನು ಸಾರಿಗೆ ಇಲಾಖೆ ಒಪ್ಪಿದ ಅಪರೂಪದ ಪ್ರಸಂಗವಿದು.

ಇಲ್ಲಿ ಶಾಸನತಜ್ಞರಿಗೆ ಒಂದು ಅಡ್ಡಮಾತು. ಟೈರಿನ ಪಕ್ಕೆಯ ಮೇಲೊಂದು ಶಾಸನವಿರುತ್ತದೆ. ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಕಾಲನಿರ್ಣಯ ಇಷ್ಟು ನಿರ್ವಿವಾದವಾದ ಇನ್ನೊಂದು ಶಾಸನ ಧಾರವಾಡ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ಆದರೆ ಅದರಲ್ಲಿ ಕೆತ್ತಿದ ಒತ್ತಡ ಟೈರು ತಡೆಯಬಲ್ಲ ಪರಮಾವಧಿ. ಗಾಡಿಗೆ ಹಾಕಬೇಕಾದದ್ದನ್ನು ಡ್ರೈವರ್ ಬಾಗಿಲಿನ ಕಂಬದ ಚೀಟಿಯಲ್ಲಿ ಓದಬೇಕು. ಈ ಪಾಠಾಂತರ ತಿಳಿಯದೆ ಹವಾ ಹೊಡೆಸಿದವರ ಟೈರುಗಳು ನಡುವಿನಲ್ಲಿ ಸವೆದು ಬೋಳಾಗುತ್ತವೆ.

ಇನ್ನು ಮೂರನೆಯದು, ಶಬ್ದಪ್ರಮಾಣ, ಅಂದರೆ ನಂಬಿಕೆಗೆ ಅರ್ಹರಾದ ಆಪ್ತರ ಮಾತು. ಕಾರಿನ ಹಳದಿ ದೀಪ ಮಾತಾಡುವುದಿಲ್ಲ. ಅಡ್ಡ ಕೊಯ್ದ ಟೈರಿನ ಚಿತ್ರ, ನಡುವೆ ಆಶ್ಚರ್ಯಸೂಚಕ. ನೋಡಿದವರು ಬೋಗುಣಿ ಎಂದುಕೊಳ್ಳುತ್ತಾರೆ. ಅಮೆರಿಕದ ನಿಯಮದಂತೆ ಹೇಳಿದ ಒತ್ತಡಕ್ಕಿಂತ ಶೇ. 25 ಇಳಿಯುವವರೆಗೆ ಅದು ಸುಮ್ಮನಿರಬಹುದು, ಅಂದರೆ 33 ಇರಬೇಕಾದದ್ದು 25ರ ಹತ್ತಿರ ಬರುವ ತನಕ. ಹತ್ತಿದ ಮೇಲಾದರೂ ಫಲವೇನು? ಹೆಸರು ಬೇಡವೆಂದ ಪಂಕ್ಚರ್ ಅಂಗಡಿಯ ಮಾಹಿತಿದಾರರೊಬ್ಬರು ಹೇಳಿದ್ದು: “ದೀಪ ಹತ್ತೈತಿ, ಆರಸ್ರಿ ಅಂತ ಬರ್ತಾರ್ರೀ. ಹವಾ ಹಾಕ್ರಿ ಅಂತ ಒಬ್ಬರೂ ಅನ್ನಂಗಿಲ್ಲ.”

ದೇವಿಕೊಪ್ಪದಲ್ಲಿ ಶೇ. 25ರ ತನಕ ಯಾರೂ ಕಾಯುವುದಿಲ್ಲ. ಚಹಾದಂಗಡಿಯ ಕಟ್ಟೆಯಿಂದ, ಎದುರಿಗೆ ಬಂದ ಟಂಟಂನಿಂದ, ಕಬ್ಬು ಹೇರಿಕೊಂಡು ಹಳಿಯಾಳದ ಕಡೆ ಹೊರಟ ಟ್ರ್ಯಾಕ್ಟರಿನ ಮೇಲಿಂದ ದನಿ ಬರುತ್ತದೆ: “ಕಾಕಾ, ಹಿಂದಿನ ಗಾಲ್ಯಾಗ ಹವಾ ಇಲ್ಲ ನೋಡ್ರಿ!” ಗುರುತು ಪರಿಚಯ ಬೇಕಿಲ್ಲ, ಬ್ಯಾಟರಿ ಬೇಕಿಲ್ಲ. ಜೊತೆಗೆ ಭಾಷ್ಯವೂ ಉಂಟು: “ಇಬ್ಬರು ಕುಂತೀರಿ, ಮ್ಯಾಲ ಗೊಬ್ಬರದ ಚೀಲ ಬ್ಯಾರೆ.” ಭಾರವನ್ನು ಲೆಕ್ಕಕ್ಕೆ ಹಿಡಿಯುವ ಈ ಸೂಕ್ಷ್ಮ ಯಾವ ಸೆನ್ಸರಿಗಿದೆ?

ಪೂರ್ವಪಕ್ಷಿಗಳ ಒಂದು ಆಕ್ಷೇಪ ಉಳಿಯಿತು: ಎಲ್ಲರಿಗೂ ಕೇಳುವಂತೆ ಕೂಗಿದ ಸಂದೇಶಕ್ಕೆ ಭದ್ರತೆ ಎಲ್ಲಿದೆ? ಇದೇ ಆಕ್ಷೇಪ ಅವರ ಯಂತ್ರಕ್ಕೂ ತಗಲುತ್ತದೆ. ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಸಂಶೋಧಕರು 2010ರಲ್ಲಿ ಪರೀಕ್ಷಿಸಿದಾಗ ಗಾಲಿಯ ರೇಡಿಯೋ ಸಂದೇಶಗಳಿಗೆ ಗುಪ್ತಲಿಪಿಯೇ ಇರಲಿಲ್ಲ. 40 ಮೀಟರ್ ದೂರದಿಂದ ಕದ್ದು ಕೇಳಬಹುದಿತ್ತು, ಸುಳ್ಳು ಸಂದೇಶ ಕಳಿಸಿ ದೀಪ ಹತ್ತಿಸಲೂಬಹುದಿತ್ತು. ದೇವಿಕೊಪ್ಪದ ದನಿ 40 ಮೀಟರಿಗೆ ನಿಲ್ಲುವಂಥದ್ದಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. ಸುಳ್ಳು ಸಂದೇಶದ ಪರಂಪರೆಯೂ ಇಲ್ಲಿ ಹಳೆಯದು. ಸಾಲಿ ಬಿಟ್ಟ ಹುಡುಗರು ಬೈಕಿನವನ ಬೆನ್ನಿಗೆ ಕೂಗುತ್ತಾರೆ: “ಅಣ್ಣಾ, ಹಿಂದಿನ ಗಾಲಿ ತಿರಗಾಕತ್ತೈತಿ!” ಬೈಕು ನಿಲ್ಲುತ್ತದೆ. ಹುಡುಗರು ಆಪ್ತರಲ್ಲ, ಆದ್ದರಿಂದ ಅವರ ವಾಕ್ಯ ಪ್ರಮಾಣವಲ್ಲ ಎನ್ನಲು ಹೋದರೆ ವಾಕ್ಯ ಅಕ್ಷರಶಃ ಸತ್ಯ. ಗಾಲಿ ತಿರುಗುತ್ತಲೇ ಇತ್ತು. ಈ ಸಂದಿಗ್ಧವನ್ನು ಬಿಡಿಸುವಷ್ಟರಲ್ಲಿ ಹುಡುಗರು ಗೋವಿನಜೋಳದ ಹೊಲ ದಾಟಿರುತ್ತಾರೆ. ಬೈಕಿನವನು ಅವರ ಮನೆತನವನ್ನೆಲ್ಲ ಬೈದು, ಹೆಂಗೂ ಇಳಿದದ್ದಾಯಿತಲ್ಲ ಎಂದು ಹಿಂದಿನ ಗಾಲಿಗೆ ಒಂದು ಒದೆ ಕೊಟ್ಟು ನೋಡುತ್ತಾನೆ.