ಮಾವನ ಲವ್ ಟಿಪ್ಸ್

ನಮ್ಮ ಸೋದರಮಾವನ ಗುಂಡಿ ಮೊಬೈಲಿಗೆ ಇರುವುದು ಎರಡೇ ಕೆಲಸ: ಅಡಿಕೆ ರೇಟು ಕೇಳುವುದು, ಮಗಳಿಗೆ ಮಿಸ್ಡ್ ಕಾಲ್ ಕೊಡುವುದು. ಅಂಥವರ ಕರೆನ್ಸಿ ರಾತ್ರೋರಾತ್ರಿ ಖಾಲಿಯಾಗತೊಡಗಿತು. ಮೊದಲು ಮೊಮ್ಮಗನ ಮೇಲೆ ಅನುಮಾನ, ಆಮೇಲೆ ರೀಚಾರ್ಜ್ ಅಂಗಡಿಯವನ ಮೇಲೆ. ಕೊನೆಗೆ ನಾನು ಇನ್‌ಬಾಕ್ಸ್ ತೆಗೆದೆ. ತಳದಲ್ಲಿ ಇಂಗ್ಲಿಷ್ ಮೆಸೇಜೊಂದಿತ್ತು: ‘ಲವ್ ಟಿಪ್ಸ್’ ಚಾಲೂ ಆಗಿದೆ, 30 ರೂಪಾಯಿ ಕಡಿತವಾಗಿದೆ, ಧನ್ಯವಾದಗಳು.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, “ನಲವತ್ತು ವರ್ಷದ ಹಿಂದೆ ಬಂದಿದ್ದರೆ ನಾನೇ ದುಡ್ಡು ಕಟ್ಟುತ್ತಿದ್ದೆ” ಎಂದು ಒಳಗೆ ಹೋದರು.

ಕಸ್ಟಮರ್ ಕೇರಿಗೆ ಫೋನು ಹಚ್ಚಿದೆವು. ಒಂದನ್ನು ಒತ್ತಿ, ಒಂಬತ್ತನ್ನು ಒತ್ತಿ, ಹಾಡು ಕೇಳಿ, ಅಂತೂ ಒಬ್ಬ ಹುಡುಗಿ ಸಿಕ್ಕಳು.

“ಸರ್, ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಅಂತ ಸಿಸ್ಟಂನಲ್ಲಿ ತೋರಿಸ್ತಾ ಇದೆ. ರಾತ್ರಿ ಎರಡು ಹದಿನೇಳಕ್ಕೆ.”

“ಆ ಹೊತ್ತಲ್ಲಿ ನಾನು ಏಳೋದು ಒಂದೇ ಕೆಲಸಕ್ಕೆ ತಾಯಿ. ಅದಕ್ಕೆ ಮೊಬೈಲ್ ಬೇಕಾಗಲ್ಲ.”

“ಅದು ಥರ್ಡ್ ಪಾರ್ಟಿ ಸರ್ವೀಸು ಸರ್.”

“ದುಡ್ಡು ಕತ್ತರಿಸಿದ್ದು ಯಾವ ಪಾರ್ಟಿ?”

ಮತ್ತೆ ಹಾಡು ಶುರುವಾಯಿತು.

ಇಂಥ ಸೇವೆಗೆ ಗ್ರಾಹಕರಿಂದ ಎರಡು ಬಾರಿ ಒಪ್ಪಿಗೆ ಪಡೆಯಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2013ರಲ್ಲೇ ಆದೇಶಿಸಿದೆ. ಅಂದರೆ ಮಾವ ಬಚ್ಚಲಿನ ದಾರಿಯಲ್ಲಿ ಒಮ್ಮೆಯಲ್ಲ, ಎರಡೆರಡು ಸಲ ಪ್ರೇಮಕ್ಕೆ ಹೂಂಗುಟ್ಟಿರಬೇಕು! ನನ್ನ ಗುಮಾನಿ ಬೇರೆ. ಆ ಮೊಬೈಲಿನಲ್ಲಿ ಆಗಾಗ ತಾನಾಗಿಯೇ ಒಂದು ಡಬ್ಬಿ ತೆರೆದುಕೊಂಡು ‘ಓಕೆ’ ಕೇಳುತ್ತದೆ. ಮಾವ ಮೊಬೈಲನ್ನು ಇಡುವುದು ಅಂಗಿಯ ಜೇಬಿನಲ್ಲಿ, ಎಲೆ-ಅಡಿಕೆ ಸಂಚಿಯ ಅಡಿಗೆ. ಒಪ್ಪಿಗೆ ಕೊಟ್ಟದ್ದು ಸುಣ್ಣದ ಡಬ್ಬಿಯೇ ಇರಬೇಕು. ಕತ್ತರಿಸುವವರಿಗೆ ಅದರ ಸಾಕ್ಷಿ ಸಾಕು. ವಾಪಸ್ ಕೇಳುವವರು ಮಾತ್ರ ತಾವು ನಿದ್ದೆಯಲ್ಲಿದ್ದುದಕ್ಕೂ ಪುರಾವೆ ಕೊಡಬೇಕು.

ಮಾವ ದೂರು ದಾಖಲಿಸಿ, ಅದರ ನಂಬರನ್ನು ಪಂಚಾಂಗದ ರಟ್ಟಿನ ಮೇಲೆ ಬರೆದುಕೊಂಡು, ದಿನಾ ಕಾಫಿ ಕುಡಿದು ಫೋನು ಮಾಡತೊಡಗಿದರು. ಹುಡುಗಿಯರಿಗೇ ಸಾಕಾಗಿರಬೇಕು, 30 ರೂಪಾಯಿ ಮರಳಿತು. ಎಲ್ಲರಿಗೂ ಇಷ್ಟು ಪುರುಸೊತ್ತು ಇರುವುದಿಲ್ಲ ಎಂಬ ಧೈರ್ಯದಲ್ಲೇ ಈ ವ್ಯಾಪಾರ ನಡೆಯುವುದು.

ನಿಮ್ಮ ಮನೆಯ ಹಿರಿಯರ ಇನ್‌ಬಾಕ್ಸನ್ನೂ ಒಮ್ಮೆ ನೋಡಿ. ಬೇಡದ ಸೇವೆ ಕಂಡರೆ 155223ಕ್ಕೆ ‘ಸ್ಟಾಪ್’ ಎಂದು ಮೆಸೇಜ್ ಕಳಿಸಿ. ದೂರು ಕೊಟ್ಟರೆ ನಂಬರು ಬರೆದುಕೊಳ್ಳದೆ ಫೋನಿಡಬೇಡಿ.